ಅತ್ತೆಯ ತಲೆ ಎರಡು ಪಾಲು

ಕಿಟಕಿ ಪಕ್ಕದ ಕುರ್ಚಿ ಯಾರಿಗೆ ಎನ್ನುವ ಮಾತು ಎದ್ದದ್ದು ಒಂದು ಸೋಮವಾರ, ಅವರ ಕೂದಲ ಆರೈಕೆಯ ಅಂಗಡಿಗೆ ರಜೆಯ ದಿನ. ಆ ಕುರ್ಚಿಯ ಹಿಂದೆ ನಿಂತು ಅತ್ತೆ ಮೂವತ್ತೆಂಟು ವರ್ಷ ಊರವರ ತಲೆ ನೋಡಿದ್ದರು. ಈಗ ಮೊಣಕಾಲು ಕೈಕೊಟ್ಟಿತ್ತು. ನಿಂತು ಮಾಡುವ ಕೆಲಸ ಇನ್ನು ಸಾಕು, ಮಧ್ಯಾಹ್ನ ಎರಡು ಗಂಟೆ ಕಾಲು ಚಾಚಿ ಮಲಗಲೇಬೇಕು ಎಂದು ಡಾಕ್ಟರು ಹೇಳಿ ಆಗಿತ್ತು.

ಅಂಗಡಿ ಕೆಳಗೆ, ಮನೆ ಮೇಲೆ. ಅಂಗಡಿಯಲ್ಲಿ ಇದ್ದದ್ದು ಎರಡೇ ಕುರ್ಚಿ. ಕಿಟಕಿ ಪಕ್ಕದ್ದು ಒಡತಿಯದು. ಯಾವ ತಲೆಗೆ ಏನು ಹಚ್ಚಬೇಕು, ಕಪಾಟಿನಲ್ಲಿ ಯಾವ ಬಾಟಲಿ ಇರಬೇಕು ಎಂಬುದೆಲ್ಲ ಅಲ್ಲಿ ನಿಂತವರ ತೀರ್ಮಾನ. ಒಳಗಿನ ಕುರ್ಚಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವಳು ದೊಡ್ಡ ಸೊಸೆ. ಚಿಕ್ಕ ಸೊಸೆ ಈ ಮನೆಗೆ ಬಂದು ನಾಲ್ಕು ವರ್ಷ. ಅದಕ್ಕೆ ಮುಂಚೆ ಅವಳು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿದ್ದಳು. ಇಲ್ಲಿ ಅವಳ ಪಾಲಿಗೆ ಬಂದದ್ದು ತಲೆ ತೊಳೆಯುವ ಬೇಸಿನ್ನು ಮತ್ತು ಹಿಂದಿನ ಕೋಣೆಯಲ್ಲಿ ಕ್ರೀಮು ಬೆರೆಸುವ ಕೆಲಸ.

"ನೀವಿಬ್ಬರೂ ಹೇಳಿ. ನಾನು ಕೇಳ್ತೀನಿ," ಎಂದರು ಅತ್ತೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ ಗಿರಾಕಿಯ ಹಾಗೆ ಕೂತು.

"ಹೇಳೋದೇನಿದೆ?" ಎಂದಳು ದೊಡ್ಡ ಸೊಸೆ. "ನೀವಾದ ಮೇಲೆ ನಾನು. ಇದಕ್ಕೂ ಪಂಚಾಯಿತಿ ಬೇಕಾ?"

"ವಯಸ್ಸು ನೋಡಿ ಕೊಡೋದಾದ್ರೆ ಮಾತೇ ಬೇಡ," ಎಂದಳು ಚಿಕ್ಕವಳು. "ಕೆಲಸ ನೋಡಿ ಕೊಡೋದಾದ್ರೆ ನಂದೂ ಒಂದು ಮಾತಿದೆ."

"ಕೆಲಸ? ಬೇಸಿನ್ನಲ್ಲಿ ನೀರು ಬಿಡೋದು ಕೆಲಸವೇನಮ್ಮಾ ಪ್ರೊಫೆಸರಮ್ಮಾ?"

ನಾಲ್ಕು ವರ್ಷದಿಂದ ಚಿಕ್ಕವಳು ಈ ಹೆಸರನ್ನೇ ಕೇಳುತ್ತ ಬಂದಿದ್ದಳು. ದೊಡ್ಡವಳು ಗಿರಾಕಿಗಳ ಮುಂದೆಯೂ ಹಾಗೆಯೇ ಕರೆಯುತ್ತಿದ್ದಳು, ಗಿರಾಕಿಗಳು ನಗುತ್ತಿದ್ದರು. ಕಿಟಕಿಯ ಕುರ್ಚಿ ಸಿಕ್ಕರೆ ಆ ನಗು ನಿಲ್ಲುತ್ತದೆ. ಸಿಗದಿದ್ದರೆ ಇನ್ನು ಇಪ್ಪತ್ತು ವರ್ಷ ಬೇಸಿನ್ನಿನ ಮುಂದೆ ಬಗ್ಗಿ ನಿಂತು ಅದನ್ನೇ ಕೇಳಬೇಕು. ಇಷ್ಟು ಲೆಕ್ಕ ಅವಳಿಗೆ ಸ್ಪಷ್ಟವಾಗಿತ್ತು.

ಆ ಅಂಗಡಿಗೆ ಹೆಸರು ಬಂದದ್ದು ಅಲೆಗೂದಲಿನಿಂದ. ನೆಟ್ಟಗೂ ಇಲ್ಲದ, ಗುಂಗುರೂ ಅಲ್ಲದ, ಹುಟ್ಟಿನಿಂದಲೇ ಅಲೆಅಲೆಯಾದ ಕೂದಲು ಎಲ್ಲರ ಕೈಗೂ ಬಗ್ಗುವುದಿಲ್ಲ. ಅದರಲ್ಲೂ ಎಲೆ ಉದುರುವ ಕಾಲ ಬಂತೆಂದರೆ ಅಂಥವರೆಲ್ಲ ಈ ಬಾಗಿಲಿಗೆ ಬರುತ್ತಿದ್ದರು. ಗಾಳಿಯ ತೇವ ಇಳಿಯುತ್ತದೆ, ಮನೆಮನೆಯಲ್ಲಿ ಹೀಟರು ಹೊತ್ತಿಕೊಳ್ಳುತ್ತದೆ, ಉಣ್ಣೆಯ ಕಾಲರು ಕುತ್ತಿಗೆಗೆ ಉಜ್ಜುತ್ತದೆ. ಬೇಸಿಗೆಯಲ್ಲಿ ಹೇಳಿದ ಮಾತು ಕೇಳಿಕೊಂಡಿದ್ದ ಕೂದಲು ಒಂದೇ ವಾರದಲ್ಲಿ ಬಿರುಸಾಗಿ ಎದ್ದು ನಿಲ್ಲುತ್ತದೆ. ಅತ್ತೆಯದೂ ಅಂಥದೇ ಕೂದಲು, ಹೆಗಲವರೆಗೆ, ಈಗ ಅಪ್ಪಟ ಬಿಳಿ. ಪ್ರತಿವರ್ಷ ಈ ಕಾಲಕ್ಕೆ ಅವರ ತಲೆಯ ಹೊಸ ಫೋಟೋ ಕಿಟಕಿಯಲ್ಲಿ ಏರುತ್ತಿತ್ತು. ಅಂಗಡಿಗೆ ಬೇರೆ ಬೋರ್ಡೇ ಇರಲಿಲ್ಲ.

"ಹಾಗಾದ್ರೆ ಪರೀಕ್ಷೆ ಮಾಡೋಣ," ಎಂದಳು ಚಿಕ್ಕವಳು. "ಅತ್ತೆ ತಲೆಯಲ್ಲೇ. ನಡು ಬೈತಲೆ ತೆಗೆದು ಅರ್ಧ ನಂಗೆ, ಅರ್ಧ ಅಕ್ಕಂಗೆ. ಇಪ್ಪತ್ತೊಂದು ದಿನ. ಯಾರ ಅರ್ಧ ಚೆನ್ನಾಗಿರುತ್ತೋ ಅವರಿಗೆ ಕುರ್ಚಿ."

"ಆಸ್ತಿ ಪಾಲು ಮಾಡೋರನ್ನ ಕಂಡಿದ್ದೆ," ಎಂದರು ಅತ್ತೆ. "ಅತ್ತೆ ತಲೆ ಪಾಲು ಮಾಡೋರನ್ನ ಇವತ್ತು ಕಂಡೆ." ಆದರೆ ಅವರ ಕಣ್ಣಲ್ಲಿ ಆಸೆ ಮೂಡಿತ್ತು. ಇಪ್ಪತ್ತೊಂದು ದಿನ ಇಬ್ಬರು ಸೊಸೆಯರು ಎರಡೂ ಕಡೆ ನಿಂತು ಉಪಚಾರ ಮಾಡುತ್ತಾರೆಂದರೆ ಯಾವ ಅತ್ತೆ ಬೇಡ ಅಂದಾಳು? "ಆಗಲಿ," ಎಂದುಬಿಟ್ಟರು.

ಯಾರಿಗೆ ಯಾವ ಬದಿ ಎಂದು ಚಿಕ್ಕವಳೇ ನಾಣ್ಯ ಚಿಮ್ಮಿದಳು. ಎಡ ದೊಡ್ಡವಳಿಗೆ, ಬಲ ತನಗೆ. ನಿಯಮಗಳನ್ನೂ ಅವಳೇ ಬರೆದು ಕನ್ನಡಿಗೆ ಅಂಟಿಸಿದಳು. ಬುಧವಾರ, ಭಾನುವಾರ ತಲೆಸ್ನಾನ. ನೀರು ಎರಡೂ ಬದಿಗೆ ಒಂದೇ ಬಿಸಿ. ರಾತ್ರಿಯ ದಿಂಬಿಗೆ ನುಣುಪು ಬಟ್ಟೆಯ ಗವಸು. ಐದು ದಿನಕ್ಕೊಮ್ಮೆ ಅಗಲ ಹಲ್ಲಿನ ಒಂದೇ ಬಾಚಣಿಗೆಯಿಂದ ಒಂದೊಂದು ಬದಿಗೂ ಇಪ್ಪತ್ತು ಸಲ ಬಾಚುವುದು. ಉದುರಿದ ತುಂಡು ಕೂದಲನ್ನು ಕಪ್ಪು ಕಾಗದದ ಮೇಲೆ ಎಣಿಸಿ, ಎಡ, ಬಲ ಎಂದು ಬರೆದ ಎರಡು ಲಕೋಟೆಗಳಲ್ಲಿ ಇಡುವುದು.

"ಕೂದಲಿಗೂ ಹಾಜರಿ ತಗೋತೀಯಾ?" ಎಂದಳು ದೊಡ್ಡವಳು. "ಗೈರುಹಾಜರಾದ್ರೆ ಅವರಪ್ಪನಿಗೆ ಚೀಟಿ ಕಳಿಸ್ತೀಯಾ?"

"ನಿಮಗೆ ಭಯ ಇದ್ರೆ ಈಗ್ಲೇ ಹೇಳಿಬಿಡಿ ಅಕ್ಕ."

"ನಂಗೆ ಭಯವಾ? ನೀನು ಬಾಟಲಿಯಲ್ಲಿ ಕಲಿತದ್ದು, ನಾನು ಬೆರಳಲ್ಲಿ ಕಲಿತದ್ದು. ನೋಡೋಣ."

ಗಂಡಂದಿರಿಬ್ಬರೂ ಈ ವಿಷಯಕ್ಕೆ ಬಾಯಿ ಹಾಕಲಿಲ್ಲ. ಅಣ್ಣತಮ್ಮಂದಿರು ತಾಯಿಯ ತಲೆಯ ಎರಡು ಬದಿಗಳನ್ನು ಹೊಗಳಿ, ಬೇಗ ಉಂಡು, ಬೇಗ ಕೆಲಸಕ್ಕೆ ಹೋಗುತ್ತಿದ್ದರು.

ದೊಡ್ಡವಳದು ಹಳೆಯ ದಾರಿ. ತಲೆಸ್ನಾನಕ್ಕೆ ಅರ್ಧ ಗಂಟೆ ಮುಂಚೆ ತಾನೇ ಕಾಯಿಸಿದ ಎಣ್ಣೆಯನ್ನು ಕೂದಲಿನ ನಡುವಿನಿಂದ ತುದಿಯವರೆಗೆ ಹಚ್ಚುವಳು. ತೊಳೆದ ಮೇಲೆ ಒಂದೊಂದೇ ಎಳೆಗೊಂಚಲನ್ನು ತೋರುಬೆರಳಿಗೆ ಸುತ್ತಿ, ಎರಡು ಉಸಿರಿನಷ್ಟು ಹೊತ್ತು ಹಿಡಿದು, ಬಿಡುವಳು. ಎಣಿಕೆಯ ದಿನ ಬಿಟ್ಟರೆ ಬಾಚಣಿಗೆ ಮುಟ್ಟಿಸುತ್ತಿರಲಿಲ್ಲ. ಚಿಕ್ಕವಳದು ಲ್ಯಾಬಿನ ದಾರಿ. ಹಿಂದಿನ ಕೋಣೆಯ ಗೋಡೆಗೆ ತೇವ ಅಳೆಯುವ ಗಡಿಯಾರದಂಥದೊಂದು ತೂಗುಹಾಕಿದ್ದಳು. ಮುಳ್ಳು ಐವತ್ತಕ್ಕಿಂತ ಕೆಳಗಿಳಿದ ದಿನ ಕ್ರೀಮಿನಿಂದ ಗ್ಲಿಸರಿನ್ನನ್ನು ತೆಗೆದುಬಿಡುವಳು, ಏಕೆಂದರೆ ಗಾಳಿಯಲ್ಲಿ ತೇವ ಇದ್ದಾಗ ಅದನ್ನು ಎಳೆದು ಕೂದಲಿಗೆ ಕೊಡುವ ಗ್ಲಿಸರಿನ್, ಗಾಳಿ ಒಣಗಿದಾಗ ಕೂದಲಿನದನ್ನೇ ಎಳೆದು ಹೊರಗೆ ಕೊಡುತ್ತದೆ. ಬದಲಿಗೆ ಅಗಸೆ ಬೀಜ ಕುದಿಸಿದ ಲೋಳೆ. ಒರೆಸಲು ಟವೆಲ್ಲಲ್ಲ, ಹಳೆಯ ಬನಿಯನ್ನು. ಅದರಲ್ಲಿ ಕೂದಲನ್ನು ಕೆಳಗಿನಿಂದ ಮೇಲಕ್ಕೆ ಒತ್ತಿ ಹಿಡಿಯುವುದು.

ಎರಡೂ ಒಳ್ಳೆಯ ದಾರಿಯೇ. ಇದು ಚಿಕ್ಕವಳಿಗೆ ಗೊತ್ತಿತ್ತು, ಒಪ್ಪಿಕೊಳ್ಳಲು ಬಾಯಿ ಬರುತ್ತಿರಲಿಲ್ಲ ಅಷ್ಟೆ. ಮೊದಲ ಎಣಿಕೆಯಲ್ಲಿ ಎಡಕ್ಕೆ ಹದಿನಾಲ್ಕು ತುಂಡು, ಬಲಕ್ಕೆ ಹದಿಮೂರು. ಅವಳಿಗೆ ಆ ರಾತ್ರಿ ಊಟ ರುಚಿಸಲಿಲ್ಲ.

ಎರಡನೇ ಎಣಿಕೆ ಹತ್ತನೇ ದಿನ. ಎಡ ಮೂವತ್ತೊಂದು. ಬಲ ಹನ್ನೆರಡು.

ಕಣ್ಣಿಗೂ ಕಾಣುತ್ತಿತ್ತು. ಬಲಬದಿಯ ಅಲೆಗಳು ಒಂದರ ಹಿಂದೊಂದು ತಣ್ಣಗೆ ಇಳಿದಿದ್ದವು. ಎಡಬದಿಯಲ್ಲಿ ಕಿವಿಯ ಹಿಂದಿನ ಕೂದಲು ಹಳೆಯ ಬ್ರಶ್ಶಿನ ಹಾಗೆ ಬಿರಿದು ನಿಂತಿತ್ತು. ಅಂದು ತಲೆ ತೊಳೆಸಿಕೊಳ್ಳಲು ಬಂದಿದ್ದ ಅಂಚೆ ಕಚೇರಿಯ ಕೌಂಟರಿನ ಹೆಂಗಸು, ಅವಳೂ ಅಲೆಗೂದಲಿನವಳೇ, ಅತ್ತೆಯ ಸುತ್ತ ಒಂದು ಸುತ್ತು ಬಂದು, "ಅಮ್ಮಾ, ಈ ಕಡೆಯಿಂದ ನೋಡಿದ್ರೆ ನೀವು ರಾಣಿ, ಆ ಕಡೆಯಿಂದ ನೋಡಿದ್ರೆ ರಾಣಿಯನ್ನ ಬಯ್ಯೋಕೆ ಬಂದವಳು," ಎಂದಳು.

ಎಲ್ಲರೂ ನಕ್ಕರು. ಈ ಸಲ ನಗದೆ ಇದ್ದವಳು ದೊಡ್ಡ ಸೊಸೆ. ಗಿರಾಕಿ ಹೋದ ಮೇಲೆ ಅವಳು ಎಣ್ಣೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು, ಒಂದು ಹನಿ ನಾಲಿಗೆಗೆ ಹಚ್ಚಿಕೊಂಡಳು.

"ಇದಕ್ಕೆ ಏನು ಬೆರೆಸಿದೆ?"

"ಯಾರು?"

"ಈ ಮನೇಲಿ ಬೆರೆಸೋ ವಿದ್ಯೆ ಕಲಿತವಳು ಎಷ್ಟು ಜನ ಇದ್ದಾರೆ?"

"ಅಕ್ಕ, ಸೋಲೋದಾದ್ರೆ ಮರ್ಯಾದೆಯಿಂದ ಸೋಲಿ."

ದೊಡ್ಡವಳು ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅತ್ತೆಯ ಎದುರೇ. ಚಿಕ್ಕವಳು ಅದನ್ನು ಮುಟ್ಟಿರಲಿಲ್ಲ, ಮುಟ್ಟುವ ಯೋಚನೆಯೂ ಬಂದಿರಲಿಲ್ಲ. ಆರು ವರ್ಷ ಲ್ಯಾಬಿನಲ್ಲಿ ಒಂದು ತಪ್ಪು ಅಂಕೆ ಬರೆದವಳಲ್ಲ ಅವಳು. ಆದರೆ ಅವಳಿಗೂ ಒಂದು ಪ್ರಶ್ನೆ ಕಾಡತೊಡಗಿತು. ಐದು ದಿನದಲ್ಲಿ ಹದಿನಾಲ್ಕು ಮೂವತ್ತೊಂದಾಗುವುದು ಎಣ್ಣೆಯಿಂದ ಸಾಧ್ಯವಿಲ್ಲ. ಎಣ್ಣೆ ಕೂದಲನ್ನು ಜಿಡ್ಡಾಗಿಸಬಹುದು, ತುಂಡು ಮಾಡುವುದಿಲ್ಲ. ಕೂದಲಿನ ಮೇಲ್ಪದರ ಹೆಂಚು ಹೊದಿಸಿದ ಹಾಗೆ ಇರುತ್ತದೆ. ಅದು ಹೀಗೆ ಎದ್ದು ಮುರಿಯಬೇಕಾದರೆ ಯಾವುದೋ ಒರಟು ವಸ್ತು ದಿನವೂ ಉಜ್ಜಬೇಕು.

ಹನ್ನೆರಡನೇ ದಿನ ಮಧ್ಯಾಹ್ನ ಅಗಸೆ ಬೀಜ ತರಲು ಅವಳು ಮಹಡಿಗೆ ಹೋದಳು. ನಡುಮನೆಯ ಸೋಫಾದಲ್ಲಿ ಅತ್ತೆ ಮಲಗಿದ್ದರು. ಮೆಟ್ಟಿಲಿನ ಬಾಗಿಲು ತೆರೆದಿತ್ತು. ಅತ್ತೆಗೆ ಎಡಗಿವಿ ಕೇಳಿಸುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತು, ಯಾರೂ ಆ ಕಡೆಯಿಂದ ಅವರನ್ನು ಮಾತಾಡಿಸುತ್ತಿರಲಿಲ್ಲ. ಕೆಳಗೆ ಅಂಗಡಿಯಲ್ಲಿ ತಮ್ಮ ಬಗ್ಗೆ ಯಾರು ಏನನ್ನುತ್ತಾರೆಂದು ಕೇಳಲು ಬಲಗಿವಿಯನ್ನು ಮೇಲೆ ಮಾಡಿ, ಎಡಬದಿಯನ್ನು ಸೋಫಾದ ಉಣ್ಣೆಯ ದಿಂಬಿಗೆ ಒತ್ತಿ ಮಲಗಿದ್ದರು. ಕೇಳುತ್ತ ಕೇಳುತ್ತ ನಿದ್ದೆ ಬಂದಿತ್ತು. ನಿದ್ದೆಯಲ್ಲಿ ತಲೆ ಇದ್ದಲ್ಲೇ ಅಲುಗಿ ಉಣ್ಣೆಗೆ ಉಜ್ಜುತ್ತಿತ್ತು.

ಚಿಕ್ಕವಳು ನಿಂತಲ್ಲೇ ನಿಂತಳು. ಹೋದ ವರ್ಷದವರೆಗೂ ಅತ್ತೆ ಹಗಲು ಮಲಗಿದವರಲ್ಲ. ಈ ನಿದ್ದೆ ಡಾಕ್ಟರು ಕೊಟ್ಟ ಹೊಸ ನಿದ್ದೆ, ಉಣ್ಣೆಯ ದಿಂಬು ಸೋಫಾಕ್ಕೆ ಬಂದದ್ದೂ ಹೋದ ವಾರದ ಚಳಿಗೆ. ರಾತ್ರಿಯ ದಿಂಬಿಗೆ ಗವಸಿನ ನಿಯಮ ಬರೆದವಳು ಹಗಲಿನ ದಿಂಬನ್ನು ಮರೆತಿದ್ದಳು. ಬಗ್ಗಿ ನೋಡಿದಳು. ಕಂದು ಉಣ್ಣೆಯ ಮೇಲೆ, ತಲೆಯಿಂದ ಒಂದು ಗೇಣು ಆಚೆ, ಬಿಳಿಯ ತುಂಡು ಕೂದಲು ಚೆಲ್ಲಿತ್ತು.

ನಾಣ್ಯ ಬೇರೆ ಮಗ್ಗುಲಿಗೆ ಬಿದ್ದಿದ್ದರೆ ಆ ತುಂಡುಗಳೆಲ್ಲ ತನ್ನವು. ಅವಳಿಗೆ ಅದು ಒಂದು ಕ್ಷಣದಲ್ಲಿ ಹೊಳೆಯಿತು. ಒಂದೇ ತಲೆ, ಒಂದೇ ಸಲ ಚಿಮ್ಮಿದ ನಾಣ್ಯ. ಅವಳು ಅದನ್ನು ನ್ಯಾಯ ಎಂದುಕೊಂಡಿದ್ದಳು, ಅದು ಬರೀ ಅದೃಷ್ಟ.

ಬೀರುವಿನಲ್ಲಿ ನುಣುಪು ಗವಸು ಇನ್ನೊಂದಿತ್ತು. ಹಾಕುವುದಕ್ಕೆ ಅರ್ಧ ನಿಮಿಷವೂ ಬೇಡ. ಕೆಳಗಿನಿಂದ ದೊಡ್ಡವಳ ದನಿ ಮೆಟ್ಟಿಲೇರಿ ಬಂತು, ಯಾರೋ ಗಿರಾಕಿಗೆ ಹೇಳುತ್ತಿದ್ದಳು: "ನಮ್ಮ ಪ್ರೊಫೆಸರಮ್ಮ ಇಲ್ವಾ, ಅವಳ ಕಣ್ಣು ಬಿದ್ರೆ ಸಾಕು, ಎಣ್ಣೆಯೂ ವಿಷ ಆಗುತ್ತೆ."

ಚಿಕ್ಕವಳು ದಿಂಬಿನ ಮೇಲಿನ ತುಂಡುಗಳನ್ನು, ಬೇರೆ ಯಾರ ಕಣ್ಣಿಗೂ ಬೀಳದಿರಲೆಂದು, ಒಂದೊಂದಾಗಿ ಆರಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅಗಸೆ ಬೀಜದ ಡಬ್ಬಿ ತೆಗೆದುಕೊಂಡು ಇಳಿದು ಬಂದಳು. ಮರುದಿನವೂ ಅದೇ ಹೊತ್ತಿಗೆ ಹತ್ತಿ ಹೋಗಿ, ಅದೇ ಕೆಲಸ ಮಾಡಿ ಬಂದಳು.

ಹದಿನಾಲ್ಕನೇ ದಿನ ಬೆಳಿಗ್ಗೆ ಅತ್ತೆಯ ತಲೆಗೆ ನೀರು ಚಿಮುಕಿಸುತ್ತ ಇಬ್ಬರೂ ಎರಡು ಕಡೆ ನಿಂತಿದ್ದಾಗ ದೊಡ್ಡವಳು ಇದ್ದಕ್ಕಿದ್ದಂತೆ ಹೇಳಿದಳು:

"ಬದಿ ಬದಲಾಯಿಸೋಣ."

"ಏನಂದ್ರಿ?"

"ಇವತ್ತಿಂದ ಬಲ ನಂಗೆ, ಎಡ ನಿಂಗೆ. ನನ್ನ ಎಣ್ಣೆ ಕೆಟ್ಟದ್ದಾದ್ರೆ ಆ ಬದಿಯೂ ಕೆಡುತ್ತೆ, ನೋಡೇಬಿಡೋಣ. ಕೆಡದಿದ್ರೆ ಇನ್ನೇನೋ ಇದೆ."

ಚಿಕ್ಕವಳು ಕನ್ನಡಿಗೆ ಅಂಟಿಸಿದ್ದ ನಿಯಮಗಳತ್ತ ನೋಡಿದಳು. ಇದನ್ನು ಮೊದಲ ದಿನವೇ ನಿಯಮದಲ್ಲಿ ಬರೆಯಬೇಕಾಗಿದ್ದವಳು ತಾನು. ಕಾಲೇಜಿನ ಮೊದಲ ವರ್ಷದವರಿಗೂ ಗೊತ್ತಿರುವ ಮಾತು. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅದನ್ನು ತಾನೇ ಯೋಚಿಸಿ ಹೇಳಿದ್ದಳು. ಕನ್ನಡಿಯಲ್ಲಿ ಅವಳ ಮುಖ ನೋಡಿದರೆ ಕೊಂಕಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂಬ ಹಟ ಇತ್ತು.

"ಹಾಗೆ ಮಾಡೋಕೆ ಬರಲ್ಲ ಅಕ್ಕ," ಎಂದಳು ಚಿಕ್ಕವಳು, ಲ್ಯಾಬಿನಲ್ಲಿ ಹುಡುಗರಿಗೆ ಹೇಳುತ್ತಿದ್ದ ದನಿಯಲ್ಲಿ. "ನಿಮ್ಮ ಎಣ್ಣೆ ಕೂದಲೊಳಗೆ ಇಳಿದಿರುತ್ತೆ. ನನ್ನ ಕ್ರೀಮಿನ ಪದರ ಆ ಕಡೆ ಉಳಿದಿರುತ್ತೆ. ಮಧ್ಯದಲ್ಲಿ ಬದಲಾಯಿಸಿದ್ರೆ ಹಿಂದಿನದರ ಪರಿಣಾಮ ಮುಂದಿನದಕ್ಕೆ ಸೇರಿಕೊಳ್ಳುತ್ತೆ. ಯಾವುದು ಯಾವುದರಿಂದ ಅಂತ ಹೇಳೋಕೇ ಆಗಲ್ಲ. ಇಡೀ ಪರೀಕ್ಷೆ ಹಾಳು."

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಅದಕ್ಕೇ ಅದು ಅಷ್ಟು ಸಲೀಸಾಗಿ ಬಾಯಿಂದ ಬಂತು.

ದೊಡ್ಡವಳು ಅತ್ತೆಯನ್ನು ನೋಡಿದಳು. ಅತ್ತೆ ಭುಜ ಕುಣಿಸಿದರು. "ಓದಿದವಳು ಹೇಳ್ತಿದ್ದಾಳಲ್ಲ. ನಂಗೇನು ಗೊತ್ತು ಇದೆಲ್ಲ."

"ಆಯ್ತು," ಎಂದಳು ದೊಡ್ಡವಳು. ಮತ್ತೆ ಎಡಬದಿಗೆ ನೀರು ಚಿಮುಕಿಸಿದಳು. ಆಮೇಲಿನ ಒಂದು ವಾರ ಅವಳು ಯಾರನ್ನೂ ಪ್ರೊಫೆಸರಮ್ಮ ಎಂದು ಕರೆಯಲಿಲ್ಲ.

ಇಪ್ಪತ್ತೆರಡನೇ ದಿನ ಲಕೋಟೆಗಳನ್ನು ತೆರೆದರು. ಎಡ, ಒಟ್ಟು ನೂರ ನಲವತ್ತಾರು. ಬಲ, ನಲವತ್ತೊಂಬತ್ತು. ಅತ್ತೆ ಎರಡೂ ಕೈಗಳಿಂದ ಎರಡೂ ಬದಿಯನ್ನು ಸವರಿ ನೋಡಿಕೊಂಡರು. ಎಡಗೈ ಬೇಗ ಹಿಂದೆ ಬಂತು. "ಚಿಕ್ಕವಳಿಗೆ ಕುರ್ಚಿ," ಎಂದರು. ಫೋಟೋ ತೆಗೆಯುವವನು ಬಂದಾಗ ಬಲಬದಿ ಮಾತ್ರ ಕಾಣುವ ಹಾಗೆ ಮುಖ ತಿರುಗಿಸಿ ಕೂತರು.

ಚಿಕ್ಕವಳು ಕತ್ತರಿ, ಬಾಚಣಿಗೆ, ಕ್ರೀಮಿನ ಡಬ್ಬಿಗಳನ್ನು ಕಿಟಕಿ ಪಕ್ಕಕ್ಕೆ ಸಾಗಿಸಿದಳು. ಮೇಲೆ ಹೋಗಿ ಸೋಫಾದ ದಿಂಬಿಗೆ ನುಣುಪು ಗವಸನ್ನೂ ಹಾಕಿದಳು. ಇನ್ನು ಹಾಕಿದರೆ ತೊಂದರೆಯಿಲ್ಲ ಎಂದು ಅವಳ ಮನಸ್ಸು ಹೇಳಿತು. ಆ ಮಾತು ಹೇಳಿದ ರೀತಿ ಅವಳಿಗೇ ಹಿಡಿಸಲಿಲ್ಲ.

ಗುರುವಾರ ಅಂಚೆ ಕಚೇರಿಯ ಹೆಂಗಸು ಬಂದು ಕಿಟಕಿಯ ಕುರ್ಚಿಯಲ್ಲಿ ಕೂತಳು. ಒಳಗಿನ ಕುರ್ಚಿಯಲ್ಲಿ ಅತ್ತೆ, ಬಲಗಿವಿ ಅಂಗಡಿಯ ಕಡೆಗೆ. ಚಿಕ್ಕವಳು ಗಿರಾಕಿಯ ಒದ್ದೆ ಕೂದಲಿಗೆ ಲೋಳೆ ಹಚ್ಚಿ ಬನಿಯನ್ನಿನಲ್ಲಿ ಒತ್ತುತ್ತಿದ್ದಳು. ಹಿಂದೆ ಬೇಸಿನ್ನಿನಲ್ಲಿ ಗುಳುಗುಳು ಸದ್ದಾಯಿತು. ತಿರುಗಿ ನೋಡಿದರೆ ದೊಡ್ಡವಳು ಕಪಾಟಿನ ಬೀಗ ತೆಗೆದು, ಎಣ್ಣೆಯ ಬಾಟಲಿಗಳನ್ನು ಒಂದೊಂದಾಗಿ ಬಗ್ಗಿಸಿ ಸುರಿಯುತ್ತಿದ್ದಳು. ಮೂರು ಖಾಲಿಯಾಗಿದ್ದವು.

"ಏನು ಮಾಡ್ತಿದ್ದೀರಿ ಅಕ್ಕ?"

"ಕಾಣಲ್ವಾ?"

"ಯಾಕೆ ಅಂತ ಕೇಳಿದೆ."

"ನೂರ ನಲವತ್ತಾರು," ಎಂದಳು ದೊಡ್ಡವಳು, ಬಾಟಲಿಯಿಂದ ಕಣ್ಣು ತೆಗೆಯದೆ. "ನಾನೂ ಕೂತು ಎಣಿಸಿದೆ, ನಿನ್ನ ಮೇಲೆ ನಂಬಿಕೆ ಇಲ್ಲ ಅಂತ. ಅಷ್ಟೇ ಇತ್ತು. ಹತ್ತೊಂಬತ್ತು ವರ್ಷ ಎಷ್ಟು ಜನರ ತಲೆಗೆ ಇದನ್ನ ಹಚ್ಚಿದೀನಿ ಗೊತ್ತಾ? ನಂಬಿಕೊಂಡು ಬಂದವರಿಗೆ. ನಾಳೆಯಿಂದ ನಿನ್ನ ಕ್ರೀಮೇ ಕೊಡು. ಹೇಗೆ ಹಚ್ಚೋದು ಅಂತ ಹೇಳಿಕೊಡು."

ನಾಲ್ಕನೇ ಬಾಟಲಿ ಸುರಿದಾಯಿತು. ಐದನೆಯದರ ಮುಚ್ಚಳ ತಿರುಗಿತು.

ಚಿಕ್ಕವಳಿಗೆ ದೊಡ್ಡವಳ ಮೇಲೆ ಇದ್ದ ಸಿಟ್ಟು ಒಂದು ಚೂರೂ ಕಡಿಮೆಯಾಗಿರಲಿಲ್ಲ. ಈಗ ಹೆಚ್ಚೇ ಆಯಿತು. ಕಂಡ ಅಂಕೆಗೆ ತಲೆಬಾಗುವುದು ತನ್ನ ಗುಣ ಎಂದು ಅವಳು ನಂಬಿಕೊಂಡಿದ್ದಳು. ಅದನ್ನೂ ಇವಳು ಕಿತ್ತುಕೊಂಡಿದ್ದಳು, ಅದೂ ಗಿರಾಕಿಯ ಮುಂದೆ, ಬೇಸಿನ್ನಿನ ಹತ್ತಿರ ನಿಂತು.

"ಅದನ್ನ ಚೆಲ್ಲಬೇಡಿ," ಎಂದಳು.

"ಯಾಕೆ?"

"ಕೂದಲು ಮುರಿದದ್ದು ಎಣ್ಣೆಯಿಂದಲ್ಲ. ಸೋಫಾದ ದಿಂಬಿನಿಂದ. ಅತ್ತೆ ಮಧ್ಯಾಹ್ನ ಎಡಕ್ಕೆ ಮಗ್ಗುಲಾಗಿ ಮಲಗ್ತಾರೆ. ಉಣ್ಣೆ ಉಜ್ಜಿ ಮುರಿದದ್ದು."

ಬಾಟಲಿ ಅರ್ಧ ಬಗ್ಗಿದಲ್ಲೇ ನಿಂತಿತು. ಅಂಚೆ ಕಚೇರಿಯ ಹೆಂಗಸು ಕನ್ನಡಿಯಲ್ಲಿ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಯಾವತ್ತು ಗೊತ್ತಾಯ್ತು?" ಎಂದಳು ದೊಡ್ಡವಳು.

"ಹನ್ನೆರಡನೇ ದಿನ."

"ನಾನು ಬದಿ ಬದಲಾಯಿಸೋಣ ಅಂದದ್ದು ಹದಿನಾಲ್ಕನೇ ದಿನ."

"ಹೌದು."

ದೊಡ್ಡವಳು ಐದನೇ ಬಾಟಲಿಯನ್ನು ನೆಟ್ಟಗೆ ಮಾಡಿದಳು. ಮುಚ್ಚಳ ಹಾಕಿದಳು, ಬಟ್ಟೆಯಿಂದ ಅದರ ಕತ್ತು ಒರೆಸಿದಳು, ಕಪಾಟಿನಲ್ಲಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚಿಕ್ಕವಳ ಹತ್ತಿರ ನಾಲ್ಕು ವರ್ಷದ ಉತ್ತರಗಳು ತಯಾರಿದ್ದವು.

"ನಿಂಗೆ ಎಣಿಸೋಕೆ ಮಾತ್ರ ಕಲಿಸಿದ್ರು ಅಂತ ಕಾಣುತ್ತೆ," ಎಂದಳು, ಅಷ್ಟೆ.

ಅತ್ತೆ ಕನ್ನಡಿಯಲ್ಲಿ ತಮ್ಮ ಎಡಬದಿಯನ್ನು ನೋಡಿಕೊಳ್ಳುತ್ತಿದ್ದರು. ಕಿವಿಯ ಹಿಂದಿನ ಕೂದಲು ಬೆಳೆದು ಸರಿಹೋಗಲು ವರ್ಷ ಬೇಕು. "ಹತ್ತು ದಿನ ನೋಡ್ಕೊಂಡು ಸುಮ್ಮನಿದ್ದೆ ನೀನು," ಎಂದರು. "ನನ್ನ ತಲೆ ಕೆಡ್ತಾ ಇರೋದನ್ನ."

ಅದು ಚಿಕ್ಕವಳಿಗೆ ಹೊಳೆದೇ ಇರಲಿಲ್ಲ. ದಿಂಬಿನ ಮೇಲೆ ಅವಳು ಕಂಡದ್ದು ಎಡ ಎನ್ನುವ ಲಕೋಟೆಯನ್ನು. ಅದು ಒಬ್ಬರ ತಲೆ ಎಂಬುದು ಮರೆತುಹೋಗಿತ್ತು. ಅವಳು ಬಾಯಿ ತೆರೆದಳು.

"ಮಾತು ಬೇಡ," ಎಂದರು ಅತ್ತೆ. "ಕೈಯಲ್ಲಿರೋ ತಲೆ ಮುಗಿಸು. ಮುಗಿಸಿ ಕುರ್ಚಿ ಬಿಡು."

ಚಿಕ್ಕವಳು ಗಿರಾಕಿಯ ಕಡೆಗೆ ತಿರುಗಿದಳು. ಒಂದೊಂದೇ ಅಲೆಯನ್ನು ಅಂಗೈಯಲ್ಲಿ ಎತ್ತಿ, ಒತ್ತಿ, ಬಿಟ್ಟಳು. ಕೊನೆಯದನ್ನು ಬಿಟ್ಟ ಮೇಲೆ ಕೈ ಹಿಂದಕ್ಕೆ ಕಟ್ಟಿ ನಿಂತಳು. ಅಲೆಗೂದಲು ಒಣಗುವವರೆಗೆ ಮುಟ್ಟಬಾರದು, ಮುಟ್ಟಿದರೆ ಬಿರಿಯುತ್ತದೆ. ನಾಲ್ವರೂ ಕಾದರು. ಗಾಳಿಯಲ್ಲಿ ತೇವ ಇರುವ ದಿನಗಳಲ್ಲಾದರೆ ಅದಕ್ಕೆ ಎರಡು ಗಂಟೆ ಹಿಡಿಯುತ್ತದೆ. ಹೀಟರಿನ ಗಾಳಿ ಒಂದೇ ಸಮನೆ ಬೀಸುತ್ತಿತ್ತು, ಹಿಂದಿನ ಕೋಣೆಯ ತೇವದ ಮುಳ್ಳು ಮೂವತ್ತೈದಕ್ಕೆ ಇಳಿದಿತ್ತು. ತುದಿಗಳು ಆಗಲೇ ಒಣಗತೊಡಗಿದ್ದವು.